ಎರಡು ಕಿಲೊ ಮಂಜುಗಡ್ಡೆ

ನೆಮುರೊ ಬಂದರು, ಮೀನು ಸಹಕಾರ ಸಂಘದ ಹಿಂಬದಿ.
ಐಸ್ ಫ್ಯಾಕ್ಟರಿಯ ಗೋಡೆಗೆ ಬೆನ್ನು ತಾಗಿಸಿದ ಕೋಣೆಯಲ್ಲಿ
ಕುಮಗಾಯ್ ತೋಮೊಎ ಕೋಟು ಬಿಚ್ಚದೆಯೇ ಕೂತಿದ್ದಾಳೆ.
ತೂಕದ ಲೆಕ್ಕದ ಪ್ರೋಗ್ರಾಮು ಹೊರಿಗೋಮೆ ಬರೆದದ್ದು,
ಮೂವತ್ತು ವರ್ಷದ ಹಿಂದೆ. ಅವನೀಗಿಲ್ಲ.
ಅವನ ಟಿಪ್ಪಣಿಗಳಿವೆ. ಅವೂ ಅವನ ಹಾಗೇ,
ಮಾತು ಕಡಿಮೆ.

ಒಂದು ಹೀಗಿದೆ:
"ಕೆಳಗಿನ ಸಾಲು ಈ ದೋಣಿಗೆ: ಇಸೊ"
ಕೆಳಗಿನ ಸಾಲು: ಪೆಟ್ಟಿಗೆಗೆ ಎರಡು ಕಿಲೊ ಕಳೆ.
ಇಸೊದವರು ಸಾನ್ಮಾ ಮೀನಿನ ಮೇಲೆ
ಮಂಜುಗಡ್ಡೆ ಕೈಬಿಚ್ಚಿ ಸುರಿಯುತ್ತಾರೆ, ಅದಕ್ಕೆ.

ಪೂರ್ತಿ ಹೆಸರು ಇಸೊಮಾರು.
ಜಾಗ ಉಳಿಸಲು 'ಮಾರು' ಬಿಟ್ಟ ಹೊರಿಗೋಮೆ.
ಬಿಡದಿದ್ದರೆ ಈ ಪದ್ಯವಿಲ್ಲ.

ಹಳೆಯ ಲಿಪಿಪಟ್ಟಿಯಲ್ಲಿ 'ಸೊ' ಎರಡು ಬೈಟಿನ ಅಕ್ಷರ.
ಎರಡನೆಯದು ಒಂಟಿಯಾಗಿ ಸಿಕ್ಕರೆ ಬ್ಯಾಕ್‌ಸ್ಲ್ಯಾಶ್;
ಆ ನಾಡಿನ ಪರದೆಯ ಮೇಲೆ ಅದಕ್ಕೆ ಯೆನ್ನಿನ ವೇಷ.
ಸಾಲಿನ ಕೊನೆಗೆ ಬಂತೆಂದರೆ ಕಂಪೈಲರಿಗೆ ಅರ್ಥ:
ಮುಗಿದಿಲ್ಲ, ಮುಂದಿನ ಸಾಲೂ ಇದರದೇ.

ಹಳೆಯ ಕಂಪೈಲರು ಆ ಊರಿನ ಉಪ್ಪು ತಿಂದದ್ದು,
'ಸೊ' ಕಂಡರೆ 'ಸೊ' ಎಂದೇ ಓದುತ್ತಿತ್ತು.
ಹೋದ ಚಳಿಗಾಲ ಹೊಸ ಯಂತ್ರದಲ್ಲಿ ಅದು ಏಳಲೇ ಇಲ್ಲ.
ತೋಮೊಎ ತಂದಳು ಪೆನ್‌ಡ್ರೈವಿನಲ್ಲಿ ಹಿಡಿಯುವ ಕಿಟ್ಟು:
ಕಂಪೈಲರ್, ಲಿಂಕರ್, ಎಡಿಟರ್, ಬುತ್ತಿಯ ಹಾಗೆ ಒಂದೇ ಗಂಟಿನಲ್ಲಿ.
ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟುವ ಜಾತಿ ಅದು.
ಬೈಟು ಹೇಳಿದ್ದನ್ನು ನಂಬಿತು,
ಟಿಪ್ಪಣಿಯ ಜೊತೆಗೆ ಎರಡು ಕಿಲೊ ನುಂಗಿತು,
ತೇಗಲೂ ಇಲ್ಲ.
(ಎಚ್ಚರಿಕೆಗಳನ್ನು ಅವಳೇ ಆಫ್ ಮಾಡಿದ್ದಳು.
ಯಾರಿಗೂ ಹೇಳಿಲ್ಲ; ನಿಮಗೆ ನಾನು ಹೇಳುತ್ತಿದ್ದೇನೆ.)

ಹನ್ನೊಂದು ತಿಂಗಳು.
ಯಾರೂ ದೂರು ತರಲಿಲ್ಲ.

ಗೊತ್ತಾದ ರಾತ್ರಿ ಕಿಟ್ಟಿಗೆ ಹೇಳಿದಳು: ಓದುವ ಮುನ್ನ ಲಿಪಿ ಬದಲಿಸಿಕೋ.
ಆಗುವುದಿಲ್ಲ, ಎಂದಿತು. ಬದಲಿಸುವವರು ನಮ್ಮ ಮನೆಯಲ್ಲಿಲ್ಲ.

ದೊಡ್ಡ ಲೈಬ್ರರಿಯೊಂದಿದೆ, ಎಲ್ಲ ನಾಡಿನ ಕೋಷ್ಟಕ ಬೆನ್ನಿಗೆ ಕಟ್ಟಿಕೊಂಡದ್ದು,
ಹಿಂದೆ ಹನುಮಂತನ ಬಾಲ.
ಅವಳು ಆರಿಸಿದ್ದು ಒಂದೇ ಫೈಲಿನ ಇನ್ನೊಂದನ್ನು.
ಇದರ ಹತ್ತಿರ ಕೋಷ್ಟಕವೇ ಇಲ್ಲ.
ಇಳಿದುಕೊಂಡ ಯಂತ್ರದ ಬಾಗಿಲು ತಟ್ಟಿ ಕೇಳುತ್ತದೆ:
ಅಮ್ಮಾ, ಈ ಎರಡು ಬೈಟಿಗೆ ನಿಮ್ಮಲ್ಲಿ ಏನನ್ನುತ್ತಾರೆ?
ಮನೆಯವರು ಅಂದದ್ದನ್ನು ಒಳಗೆ ತಂದು ಒಪ್ಪಿಸುತ್ತದೆ.
ಅಷ್ಟೇ ಅದರ ವಿದ್ಯೆ.

ಬಿಲ್ಡ್ ಮೂರು ಸಲ ಮುರಿಯಿತು.
ಮೊದಲ ಸಲ ಲಿಂಕರ್ 'ಯಾರಿದು, ಗುರುತಿಲ್ಲ' ಅಂದಿತು.
ಎರಡನೆಯ ಸಲ ಕೂರಿಸಿದ ಕ್ರಮ ತಪ್ಪು.
ಮೂರನೆಯದು ಯಾಕೆಂದು ಇವತ್ತಿಗೂ ತಿಳಿಯದು,
ಫೋಲ್ಡರ್ ಅಳಿಸಿ ಮೊದಲಿಂದ ಮಾಡಿದರೆ ಸರಿಹೋಯಿತು.
ಕಿಟ್ಟಿನ ತೂಕ ಏರಿದ್ದು
ಬೆಕ್ಕಿನದೊಂದು ಫೋಟೊದಷ್ಟೂ ಅಲ್ಲ.

ಬೆಳಗಿನ ಮೂರೂವರೆಗೆ 'ಸೊ' ಇಡಿಯಾಗಿ ಬಂತು.
ನುಂಗಿದ ಸಾಲು ಹೊರಬಿತ್ತು.

ಮರುವಾರ ಇಸೊಮಾರುವಿನ ಹತಕೆಯಾಮ ಚೀಟಿ ಹಿಡಿದು ಬಂದ,
ಬೂಟಿನಿಂದ ನೀರು ಇಳಿಯುತ್ತಿತ್ತು.
ಪೆಟ್ಟಿಗೆಗೆ ಎರಡು ಕಿಲೊ ಕಡಿಮೆ, ಅಂದ.
ತೋಮೊಎ ವಿವರಿಸಿದಳು: ಅಕ್ಷರ, ಬೈಟು, ಬಾಲ.
ಸಿಕ್ಕು ಬಿಡಿಸುವವರು ಬಲೆ ನೋಡುವ ಹಾಗೆ
ಅವಸರವಿಲ್ಲದೆ ಅವಳ ಮುಖವನ್ನೇ ನೋಡಿದ.
ಆಮೇಲೆ ಕಿಟಕಿಯ ಕಡೆ ತಿರುಗಿ,
"ಹೌದಾ. ನಾನು ಈ ವರ್ಷ
ಕಡಲೇ ಸ್ವಲ್ಪ ಕೈಬಿಚ್ಚಿದೆ ಅಂದುಕೊಂಡಿದ್ದೆ.
ಹೆಂಡತಿಗೂ ಹಾಗೇ ಹೇಳಿದ್ದೆ."

ಹೆಚ್ಚಿಗೆ ಸಂದ ಹಣದ ಮಾತು ಇಬ್ಬರೂ ಎತ್ತಲಿಲ್ಲ.
ಗೋಡೆಯಾಚೆ ಮಂಜುಗಡ್ಡೆ ದಡದಡ ಸುರಿಯಿತು.

ಅವನು ಹೋದ ಮೇಲೆ ಟಿಪ್ಪಣಿ ತೆರೆದು
ಇಸೊ ಮುಂದೆ 'ಮಾರು' ಎಂದು ಸೇರಿಸಿದಳು.
ನೋಡುತ್ತ ಕೂತಳು.
ಅಳಿಸಿದಳು.